ಶಾಲೆಯ ಹೊಸ್ತಿಲಿಗೆ ಹಚ್ಚಿದ ಅರಿಶಿನ

ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಒಂದು ತಂತಿ ನೇತುಹಾಕಿದ್ದೇನೆ. ಕೋಟು ಹಾಕುವ ಹ್ಯಾಂಗರನ್ನು ನೇರ ಮಾಡಿ, ಒಂದು ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಇನ್ನೊಂದು ತುದಿಗೆ ರಟ್ಟಿನ ತುಂಡು ಸಿಕ್ಕಿಸಿ ನಮ್ಮ ಯಜಮಾನರೇ ಮಾಡಿಕೊಟ್ಟಿದ್ದರು. ಮೈಸೂರಿನಲ್ಲಿ ನಮ್ಮ ತಂದೆಯ ದಿನಸಿ ಅಂಗಡಿಯಲ್ಲಿ ಚೀಟಿಗಳನ್ನೆಲ್ಲ ಹೀಗೇ ತಂತಿಗೆ ಚುಚ್ಚಿಡುತ್ತಿದ್ದರು. ಮೊದಲು ಬಂದದ್ದು ಕೆಳಗೆ, ಆಮೇಲೆ ಬಂದದ್ದು ಮೇಲೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಆಫೀಸಿನ ಫೈಲು ಇಡುವುದು ನನಗೆ ಗೊತ್ತಿರಲಿಲ್ಲ. ತಂತಿ ಗೊತ್ತಿತ್ತು.

ಯಜಮಾನರು ಹೋಗಿ ಎಂಟು ತಿಂಗಳಾಯಿತು. ತೆರಿಗೆ ಲೆಕ್ಕ ಬರೆಯುವವರು ಹಳೇ ಕಾಗದಗಳನ್ನು ಕೇಳಿದ್ದಾರೆ. ಹಾಗಾಗಿ ಈ ವಾರ ಗೋಡೆಯ ಕಪಾಟಿನಲ್ಲಿದ್ದ ಹಳೇ ತಂತಿಗಳನ್ನೆಲ್ಲ ಇಳಿಸಿ ಒಂದೊಂದೇ ಚೀಟಿ ಬಿಡಿಸುತ್ತಾ ಕೂತಿದ್ದೇನೆ. ಹೆಚ್ಚಿನವು ಮರಳು, ಸಿಮೆಂಟು, ಕಲ್ಲಿನ ಪುಡಿಯ ಬಿಲ್ಲುಗಳು. ನಿನ್ನೆ ಒಂದು ಹಳದಿ ಚೀಟಿ ಸಿಕ್ಕಿತು. ಅದು ನಮ್ಮ ಬಿಲ್ಲಲ್ಲ. ಒಂದು ಶಾಲೆಯ ಕಟ್ಟಡ ನೋಡಿಕೊಳ್ಳುವ ಆಳು ನಮ್ಮ ಮೇಲೆ ಬರೆದ ದೂರು. ಅದನ್ನು ಓದಿ ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಮಗಳು ಮೇಲಿನ ರೂಮಿನಿಂದ ಇಂಗ್ಲಿಷಿನಲ್ಲಿ ಏನಾಯ್ತು ಅಂತ ಕೂಗಿ ಕೇಳಿದಳು. ಏನಿಲ್ಲ, ನಿಮ್ಮಪ್ಪನ ಹೊಸ್ತಿಲು ಅಂದೆ.

ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅನ್ನಬಹುದು. ಅವಳು ಕನ್ನಡ ಓದುವುದಿಲ್ಲ, ನಾನೇ ಓದಿ ಹೇಳಬೇಕು.

ನಾವು ಅಮೆರಿಕಕ್ಕೆ ಬಂದದ್ದು ಅರವತ್ತೇಳರಲ್ಲಿ, ಡೆಟ್ರಾಯಿಟ್‌ಗೆ. ಯಜಮಾನರು ಸಿವಿಲ್ ಓದಿದವರು. ಅಲ್ಲಿ ಒಂದು ಕಂಪನಿಯಲ್ಲಿ ದಿನವಿಡೀ ಬೋರ್ಡಿನ ಮುಂದೆ ನಿಂತು ನಕ್ಷೆ ಬರೆಯುವ ಕೆಲಸ. ಸಂಬಳ ಚೆನ್ನಾಗಿತ್ತು, ಮನಸ್ಸು ಚೆನ್ನಾಗಿರಲಿಲ್ಲ. ಸಂಜೆ ಬಂದು ಕೈ ತೊಳೆಯುವಾಗ, "ತೊಳೆಯೋಕೆ ಏನೂ ಇಲ್ಲ ಕಣೇ, ಪೆನ್ಸಿಲ್ ಧೂಳು ಅಷ್ಟೆ" ಅನ್ನುತ್ತಿದ್ದರು. ಅವರು ನಕ್ಷೆ ಬರೆದ ಒಂದು ಆಸ್ಪತ್ರೆಯಲ್ಲಿ ಇಟಲಿಯಿಂದ ಬಂದ ಮೇಸ್ತ್ರಿಯೊಬ್ಬರು ನೆಲ ಹಾಕುತ್ತಿದ್ದರು. ಇಲ್ಲಿನವರು ಟೆರಾಝೊ ಅನ್ನುತ್ತಾರೆ, ನಮ್ಮ ಕಡೆ ಮೊಸಾಯಿಕ್ ನೆಲ. ಬಣ್ಣದ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಮೆಷಿನ್ ಹಾಕಿ ಉಜ್ಜಿ ನುಣ್ಣಗೆ ಮಾಡುವುದು. ಮೈಸೂರಿನ ತಮ್ಮ ಮನೆಯ ಪಡಸಾಲೆಯಂಥದೇ ನೆಲವನ್ನು ಅಲ್ಲಿ ನೋಡಿ ಇವರಿಗೆ ಕಾಲು ಕೀಳಲಾಗಲಿಲ್ಲ. ಶನಿವಾರ ಶನಿವಾರ ಹೋಗಿ ಮೇಸ್ತ್ರಿಯ ಪಕ್ಕ ಮೊಣಕಾಲೂರಿ ಕೂತು ಕಲಿತರು. ಮೂರು ವರ್ಷ ಕಳೆಯಿತು. ಮೇಸ್ತ್ರಿಯ ಮಗಳು ಶಿಕಾಗೋ ಕಡೆ ಮದುವೆಯಾಗಿದ್ದಳು, ಅವರಿಗೂ ಅಲ್ಲಿಗೆ ಬರುವ ಮನಸ್ಸಿತ್ತು. ನಾವು ಸಾಮಾನು ಕಟ್ಟಿಕೊಂಡು ಐ-ತೊಂಬತ್ನಾಲ್ಕು ಹೆದ್ದಾರಿಯಲ್ಲಿ ಡ್ರೈವ್ ಮಾಡಿ ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ಗೆ ಬಂದೆವು. ಆಗ ಅಲ್ಲಿ ಮನೆಗಳಿಗಿಂತ ಮಣ್ಣಿನ ಗುಡ್ಡೆಗಳೇ ಜಾಸ್ತಿ. ಸಬ್‌ಡಿವಿಷನ್ ಅನ್ನುವ ಹೊಸ ಬಡಾವಣೆಗಳು ಏಳುತ್ತಿದ್ದವು, ಮಕ್ಕಳಿಗೆ ಶಾಲೆಗಳು ಏಳುತ್ತಿದ್ದವು. ಶಾಲೆ ಅಂದರೆ ನೆಲ.

ಯಜಮಾನರು ನಕ್ಷೆಯ ಕೆಲಸ ಬಿಟ್ಟು ನಮ್ಮದೇ ನೆಲ ಹಾಕುವ ಕಂಪನಿ ಶುರುಮಾಡಿದರು. ಕಂಪನಿ ಅಂದರೆ ಅವರು, ಮೇಸ್ತ್ರಿ, ಇಬ್ಬರು ಕೆಲಸಗಾರರು, ಉಜ್ಜುವ ಮೆಷಿನ್ನು, ನನ್ನ ತಂತಿ. ಯಜಮಾನರು ಪ್ರತಿಯೊಂದನ್ನೂ ವಿವರಿಸಿ ಹೇಳುತ್ತಿದ್ದರಿಂದ ಎಲ್ಲರೂ ಅವರನ್ನು ಪ್ರೊಫೆಸರ್ ಅಂತ ಕರೆಯುತ್ತಿದ್ದರು.

ಎಪ್ಪತ್ಮೂರರಲ್ಲಿ ನಮಗೆ ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಕೆಲಸ ಸಿಕ್ಕಿತು. ಹತ್ತು ಮೈಲಿ ಆಚೆಯ ಊರಿನ ಸರ್ಕಾರಿ ಶಾಲೆಗೆ ಹೊಸ ಕಟ್ಟಡ, ಅದರ ಅಷ್ಟೂ ನೆಲ ನಮ್ಮದು. ಶಾಲೆಯವರು ಕೆಲಸ ಕೊಟ್ಟದ್ದು ಒಬ್ಬ ದೊಡ್ಡ ಕಂಟ್ರ್ಯಾಕ್ಟರಿಗೆ, ಅವರು ನೆಲದ ಕೆಲಸ ಕೊಟ್ಟದ್ದು ನಮಗೆ. ಆ ಕಂಟ್ರ್ಯಾಕ್ಟರು ಎತ್ತರದ ಆಳು, ಅವರಪ್ಪ ಪೋಲೆಂಡಿನಿಂದ ಬಂದವರಂತೆ. ಗಣೇಶನ ಹಬ್ಬದ ದಿನ ಏನೋ ನಕ್ಷೆ ಕೊಡಲು ನಮ್ಮನೆಗೆ ಬಂದವರನ್ನು ಯಜಮಾನರು ಊಟಕ್ಕೆ ಕೂರಿಸಿಬಿಟ್ಟರು. ಬಿಸಿಬೇಳೆ ಬಾತು ಎರಡು ಸಲ ಹಾಕಿಸಿಕೊಂಡರು. ಕಡುಬನ್ನು ಹೇಗೆ ತಿನ್ನುವುದು ಅಂತ ಕೇಳಿ, ಒಂದು ಕಡಿದು, ಒಳಗಿನ ಹೂರಣ ನೋಡಿ, "ಪ್ರೊಫೆಸರ್, ನಮ್ಮಮ್ಮನೂ ಹೀಗೇ ಮಾಡ್ತಿದ್ರು, ಆದ್ರೆ ಆಲೂಗೆಡ್ಡೆ ತುಂಬ್ತಿದ್ರು" ಅಂದರು. ಅವತ್ತಿನಿಂದ ಅವರು ನಮ್ಮನೆಯಲ್ಲಿ ಊಟ ಮಾಡಿದ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ.

ಡಿಸೆಂಬರ್ ಹದಿನಾಲ್ಕಕ್ಕೆ ನೆಲದ ಕೆಲಸ ಮುಗಿಯಿತು. ಕೆಲಸಗಾರರು ಮೆಷಿನ್ ಹೇರಿಕೊಂಡು ಹೊರಟರು. ಮುಂಬಾಗಿಲ ಹೊಸ್ತಿಲು ಮಾತ್ರ ಬಾಕಿ. ಅದಕ್ಕೆ ಬಿಳಿ ಅಮೃತಶಿಲೆಯ ಪಟ್ಟಿ ಹಾಕಬೇಕೆಂದು ಕಂಟ್ರ್ಯಾಕ್ಟಿನಲ್ಲೇ ಬರೆದಿತ್ತು. ಕಲ್ಲು ತಡವಾಗಿ ಬಂತು, ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ಧನುರ್ಮಾಸ ಹಿಡಿದಿತ್ತು.

ನಮ್ಮ ಕಡೆ ಧನುರ್ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಬಾಗಿಲು ಹೊಸ್ತಿಲು ಇಡುವುದೂ ಇಲ್ಲ. ಯಜಮಾನರು ಅಂಥ ಮಡಿವಂತರೇನೂ ಅಲ್ಲ. ಡೆಟ್ರಾಯಿಟ್‌ನಲ್ಲಿ ಅಮಾವಾಸ್ಯೆಯ ದಿನವೇ ಕಾರು ಕೊಂಡವರು. ಹೊಸ್ತಿಲ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಕಲ್ಲನ್ನು ಗೋಡೆಗೆ ಒರಗಿಸಿ, ಬಾಗಿಲಲ್ಲಿ ಒಂದು ಹಲಗೆ ಹಾಸಿ, ಸಂಕ್ರಾಂತಿ ಕಳೆಯಲಿ ಅಂದರು.

ಮೇಸ್ತ್ರಿಗೆ ತಡೆಯಲಿಲ್ಲ. "ಕಲ್ಲಿದೆ, ಮರಳಿದೆ, ಸಿಮೆಂಟಿದೆ, ನಾನಿದೀನಿ. ಇನ್ನೇನು ಬೇಕು ಪ್ರೊಫೆಸರ್?"

"ಒಳ್ಳೇ ದಿನ ಬೇಕು."

"ಶುಕ್ರವಾರ ಒಳ್ಳೇ ದಿನ. ಅವತ್ತು ಸಂಬಳ."

ಕಂಟ್ರ್ಯಾಕ್ಟರಂತೂ ಸಿಕ್ಕಾಗಲೆಲ್ಲ, "ಏನು, ನಿಮ್ಮ ದೇವರಿಗೂ ಕ್ರಿಸ್‌ಮಸ್ ರಜಾನಾ?" ಅಂತ ಛೇಡಿಸಿದರು. ಶಾಲೆಯ ಆ ಭಾಗ ಫೆಬ್ರವರಿಗೆ ತೆರೆಯುವುದಿತ್ತು, ಹಾಗಾಗಿ ಯಾರಿಗೂ ತೊಂದರೆ ಇರಲಿಲ್ಲ. ನಾನೂ ಹೇಳಿ ನೋಡಿದೆ. "ರೀ, ಅದು ಸ್ಕೂಲು. ನಮ್ಮನೆ ಅಲ್ಲ."

"ಹೊಸ್ತಿಲು ಹೊಸ್ತಿಲೇ ಕಣೇ. ಮುನ್ನೂರು ಮಕ್ಕಳು ದಿನಾ ದಾಟ್ತಾರೆ."

ಸಂಕ್ರಾಂತಿ ಆದ ಮೂರನೇ ದಿನ, ಗುರುವಾರ, ಹೊಸ್ತಿಲು ಕೂರಿಸಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೇಸ್ತ್ರಿ ಮಟ್ಟಗೋಲು ಇಟ್ಟು ನೋಡಿ, ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ ತಟ್ಟಿ ಕೂರಿಸಿದರು. ನಾನು ಮನೆಯಿಂದ ಬಟ್ಟಲಲ್ಲಿ ಅರಿಶಿನ ಕಲಸಿ ತಂದಿದ್ದೆ. "ಸ್ವಲ್ಪ ಹಚ್ಚು, ಸಾಕು" ಅಂದರು ಯಜಮಾನರು. ನಾನು ಎಡಗಡೆ ಮೂಲೆಯಲ್ಲಿ ಮೂರು ಬೆರಳಗಲ ಹಚ್ಚಿ, ಒಂದು ಕುಂಕುಮದ ಬೊಟ್ಟಿಟ್ಟು ಕೈ ಮುಗಿದೆ. ಆಮೇಲೆ ಒರೆಸಿಬಿಡೋಣ ಅಂದುಕೊಂಡಿದ್ದೆವು. ಮೇಸ್ತ್ರಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು, ಮಾತಾಡುತ್ತಾ ಕುಡಿದೆವು, ಹಿಮ ಬೀಳಲು ಶುರುವಾಯಿತೆಂದು ಅವಸರದಲ್ಲಿ ಹೊರಟೆವು. ಒರೆಸುವುದು ಮರೆತೇ ಹೋಯಿತು.

ಹಸಿ ಅಮೃತಶಿಲೆ ಅರಿಶಿನವನ್ನು ಕುಡಿದುಬಿಟ್ಟಿತು. ಮಾರನೆಯ ದಿನವೇ ಈ ಹಳದಿ ಚೀಟಿ ಬಂತು. ಶಾಲೆಯ ಕಟ್ಟಡ ನೋಡಿಕೊಳ್ಳುವವರು ಬರೆದದ್ದು, ಮೇಲೆ ತಾರೀಕು, ಕೆಳಗೆ ಇಷ್ಟು: ನಿನ್ನೆ ಮುಂಬಾಗಿಲಿಗೆ ಹೊಸ್ತಿಲು ಹಾಕಿದ್ದಾರೆ. ಅದರ ಮೇಲೆ ಹಳದಿ ಕಲೆ ಇದೆ. ಉಜ್ಜಿದೆ, ಹೋಗಲಿಲ್ಲ. ಹಾಕಿದವರೇ ಬಂದು ತೆಗೆಯಬೇಕು. ಯಜಮಾನರು ಅದನ್ನು ತಂದು ನನ್ನ ಕೈಗೆ ಕೊಟ್ಟು, "ತಗೋ, ಅಮೆರಿಕದಲ್ಲಿ ನಿನ್ನ ಮೇಲೆ ಮೊದಲನೇ ಕೇಸು" ಅಂದರು. ನಾನು ತಂತಿಗೆ ಚುಚ್ಚಿದೆ. ಮುಂದಿನ ವಾರ ಅವರು ಹೋಗಿ ಏನೇನೋ ಹಚ್ಚಿ ತಿಕ್ಕಿ ಬಂದರು. ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ದುಡ್ಡಿಗೆ ಕಾದೆವು. ಫೆಬ್ರವರಿ ಅಂದರು, ಮಾರ್ಚ್ ಅಂದರು. ಕಂಟ್ರ್ಯಾಕ್ಟರಿಗೆ ಬೇರೆ ಕಡೆ ದೊಡ್ಡ ನಷ್ಟವಾಗಿದೆ ಎಂದು ಕೇಳಿಬಂತು. ನಾವು ಕೆಲಸಗಾರರಿಗೆ ಯೂನಿಯನ್ ಗೊತ್ತುಮಾಡಿದ ಕೂಲಿ ವಾರವಾರ ಕೊಟ್ಟಾಗಿತ್ತು, ಮನೆಯ ಮೇಲೆ ಸಾಲ ಎತ್ತಿ. ಕಲ್ಲಿನ ಅಂಗಡಿಯವರು ದಿನಾ ಫೋನ್ ಮಾಡುತ್ತಿದ್ದರು. ಈ ದುಡ್ಡು ಬರದಿದ್ದರೆ ಮನೆ ಮಾರಿ, ಕಂಪನಿ ಮುಚ್ಚಿ, ಮತ್ತೆ ಡೆಟ್ರಾಯಿಟ್‌ಗೆ, ಮತ್ತೆ ಆ ನಕ್ಷೆಯ ಬೋರ್ಡಿಗೆ. ಬೇಸಿಗೆ ಮುಗಿಯುವುದರೊಳಗೆ ಯಾವುದಾದರೊಂದು ಆಗಬೇಕಿತ್ತು. ಯಜಮಾನರು ಕೆಲಸವಿಲ್ಲದ ದಿನವೂ ಗ್ಯಾರೇಜಿಗೆ ಹೋಗಿ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು.

ಮೇಸ್ತ್ರಿ ಏಪ್ರಿಲ್‌ನಲ್ಲೇ ಹೇಳಿದ್ದರು. "ನೋಟೀಸ್ ಕಳಿಸಿ ಪ್ರೊಫೆಸರ್. ಎಲ್ಲರೂ ಕಳಿಸ್ತಾರೆ."

ಯಜಮಾನರು ಮುಖ ಕೆಂಪಗೆ ಮಾಡಿಕೊಂಡರು. "ನಮ್ಮನೇಲಿ ಕೂತು ಊಟ ಮಾಡಿದ ಮನುಷ್ಯನಿಗೆ ವಕೀಲನ ಕೈಲಿ ನೋಟೀಸಾ? ನಾಳೆ ಅವರ ಮುಖ ಹೇಗೆ ನೋಡ್ಲಿ?"

ನಾನೂ ಅವರ ಪಕ್ಷವೇ. ಮೈಸೂರಿನಲ್ಲಿ ನೋಟೀಸು ಅಂದರೆ ಅಣ್ಣತಮ್ಮಂದಿರು ಮಾತು ಬಿಡುವುದು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಿರುವುದು. ನಮ್ಮ ತಂದೆ ಇಡೀ ಜೀವಮಾನದಲ್ಲಿ ಯಾರಿಗೂ ಕಳಿಸಿರಲಿಲ್ಲ. ಅದಕ್ಕೇ ಅಂಗಡಿಯ ಬಾಕಿಯೂ ಹಾಗೇ ಉಳಿಯಿತು ಅನ್ನುವುದು ಬೇರೆ ಮಾತು.

ಜೂನ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಕಂಟ್ರ್ಯಾಕ್ಟರೇ ನಮ್ಮನೆಗೆ ಬಂದರು. ಇಳಿದುಹೋಗಿದ್ದರು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತರು.

"ಪ್ರೊಫೆಸರ್, ಒಂದು ಕೇಳ್ತೀನಿ. ನನ್ನ ಮೇಲೆ ಏನಾದ್ರೂ ಕೋಪಾನಾ?"

"ಇಲ್ವಲ್ಲ. ಯಾಕೆ?"

"ಪ್ಲಂಬರ್ ನೋಟೀಸ್ ಬಂತು. ಎಲೆಕ್ಟ್ರಿಕಲ್ನೋರದು ಬಂತು. ಬಾಗಿಲು ಮಾಡಿದೋರದು ಬಂತು. ನಿಮ್ಮದೊಂದು ಬಂದಿಲ್ಲ. ಯಾಕೆ ಕಳಿಸ್ಲಿಲ್ಲ?"

ಯಜಮಾನರು ನನ್ನ ಮುಖ ನೋಡಿದರು. ನಾನೇ ಹೇಳಿದೆ, ನನ್ನ ಮುರುಕು ಇಂಗ್ಲಿಷಿನಲ್ಲಿ. "ನೀವು ನಮ್ಮನೇಲಿ ಊಟ ಮಾಡಿದೀರಿ."

ಅವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ಆಮೇಲೆ ಹಣೆ ಒತ್ತಿಕೊಂಡು, "ಅಯ್ಯೋ ತಾಯಿ, ಹಾಗಿದ್ರೆ ನೀವೇ ಮೊದಲು ಕಳಿಸ್ಬೇಕಿತ್ತು. ನನ್ನ ಹತ್ರ ದುಡ್ಡಿಲ್ಲ. ನಾನು ಮುಳುಗಿದೀನಿ. ಆದ್ರೆ ಬಾಂಡ್ ಕಂಪನಿ ಹತ್ರ ಇದೆ. ನೋಟೀಸ್ ಇಲ್ದೆ ಅವರು ನಿಮಗೆ ಒಂದು ಡಾಲರೂ ಕೊಡಲ್ಲ" ಅಂದರು.

ಸರ್ಕಾರಿ ಕೆಲಸ ಹಿಡಿಯುವ ಮೊದಲೇ ದೊಡ್ಡ ಕಂಟ್ರ್ಯಾಕ್ಟರು ಒಂದು ಬಾಂಡ್ ಬರೆಸಬೇಕಂತೆ. ಕೆಳಗಿನ ಕೆಲಸದವರಿಗೆ ತಾನು ದುಡ್ಡು ಕೊಡಲಾಗದಿದ್ದರೆ ಇನ್ನೊಂದು ಕಂಪನಿ ಕೊಡುತ್ತದೆ ಅನ್ನುವ ಜಾಮೀನು ಅದು. ಆ ವಿಷಯ ಯಜಮಾನರಿಗೆ ಕಾಗದದಲ್ಲಿ ಗೊತ್ತಿತ್ತು. ಅದನ್ನು ಕೇಳಿದರೆ ಸ್ನೇಹ ಕೆಡುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ.

ಮಾರನೆಯ ದಿನ ಹತ್ತಿರದ ಜೋಲಿಯೆಟ್ ಊರಿನ ಕೋರ್ಟಿನ ಎದುರಿದ್ದ ಒಬ್ಬ ವಕೀಲರ ಹತ್ತಿರ ಹೋದೆವು. ವಯಸ್ಸಾದವರು, ಕಿವಿಗೆ ಮೆಷಿನ್. ಯಜಮಾನರು ಮೊದಲಿನಿಂದ ವಿವರಿಸಲು ಶುರುಮಾಡಿದರು. ವಕೀಲರು ಕೈ ಎತ್ತಿ ನಿಲ್ಲಿಸಿದರು.

"ಖಾಸಗಿ ಕಟ್ಟಡ ಆಗಿದ್ರೆ ಅದರ ಮೇಲೇ ಲೀನ್ ಹಾಕಬಹುದಿತ್ತು. ನಿಮ್ಮ ಬಾಕಿ ತೀರಿಸೋ ತನಕ ಮಾಲೀಕ ಅದನ್ನ ನೆಮ್ಮದಿಯಾಗಿ ಮಾರೋಕಾಗಲ್ಲ. ಸ್ಕೂಲಿನ ಮೇಲೆ ಹಾಗೆ ಹಾಕಕ್ಕಾಗಲ್ಲ, ಜನರ ಆಸ್ತಿ. ಅದಕ್ಕೇ ಬಾಂಡ್ ಇರೋದು. ಒಂದೇ ಪ್ರಶ್ನೆ. ಕೆಲಸದ ಕೊನೇ ದಿನ ಯಾವುದು?"

"ಡಿಸೆಂಬರ್ ಹದಿನಾಲ್ಕು" ಅಂದರು ಯಜಮಾನರು. ಅವರಿಗೆ ಕೆಲಸ ಅಂದರೆ ನೆಲ, ನೆಲ ಮುಗಿದದ್ದು ಅವತ್ತು.

ವಕೀಲರು ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಓಡಿಸಿ ಎಣಿಸಿದರು. ಪೆನ್ಸಿಲ್ ನಿಂತಿತು. "ಕೊನೇ ದಿನದಿಂದ ನೂರಾ ಎಂಬತ್ತು ದಿನದೊಳಗೆ ನೋಟೀಸ್ ಸ್ಕೂಲ್ ಬೋರ್ಡಿಗೆ ಸೇರಬೇಕು. ಅದು ಈ ತಿಂಗಳು ಹನ್ನೆರಡಕ್ಕೆ ಮುಗೀತು. ಹನ್ನೆರಡು ದಿನ ತಡ ಮಾಡಿದೀರಿ."

ಯಜಮಾನರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚು ಸವರುತ್ತಾ ಕೂತರು. ಡೆಟ್ರಾಯಿಟ್‌ನ ಆ ನಕ್ಷೆಯ ಬೋರ್ಡು ಅವರ ಕಣ್ಣ ಮುಂದೆ ಬಂದಿರಬೇಕು. ನನ್ನ ಕಣ್ಣ ಮುಂದೆ ಬಂದದ್ದು ಅರಿಶಿನದ ಬಟ್ಟಲು.

"ರೀ," ಅಂದೆ ಕನ್ನಡದಲ್ಲಿ, "ಹೊಸ್ತಿಲು ಕೂರಿಸಿದ್ದು ಸಂಕ್ರಾಂತಿ ಆದ್ಮೇಲಲ್ವಾ?"

ಅವರು ನನ್ನತ್ತ ತಿರುಗಿದರು. ಕಿವಿ ಕೇಳದ ವಕೀಲರಿಗೂ ಏನೋ ಆಯಿತೆಂದು ತಿಳಿದು, "ಏನಂತಾರೆ ಅವರು?" ಅಂದರು.

ಯಜಮಾನರು ವಿವರಿಸಿದರು, ಧನುರ್ಮಾಸದಿಂದ ಹಿಡಿದು. ಈ ಸಲ ವಕೀಲರು ಕೈ ಎತ್ತಲಿಲ್ಲ. ಪೂರ್ತಿ ಕೇಳಿ, "ಅಂದ್ರೆ ನಿಮ್ಮ ದೇವರು ನಿಮಗೆ ಒಂದು ತಿಂಗಳು ವಾಯಿದೆ ಕೊಟ್ಟಿದಾನೆ" ಅಂದರು. "ಹೊಸ್ತಿಲು ಕಂಟ್ರ್ಯಾಕ್ಟಿನಲ್ಲಿ ಇದೆಯಾ?"

"ಇದೆ. ಬೇರೆ ಸಾಲಿನಲ್ಲೇ ಬರೆದಿದೆ."

"ಅವತ್ತೇ ಹಾಕಿದ್ರಿ ಅನ್ನೋಕೆ ಏನಿದೆ? ನಿಮ್ಮ ಮಾತು ಸಾಲಲ್ಲ. ಬಾಂಡ್ ಕಂಪನಿಯೋರು ಕೇಳೇ ಕೇಳ್ತಾರೆ."

ನಾನು ಎದ್ದು ನಿಂತೆ. ಮನೆಗೆ ಹೋಗಿ ತಂತಿ ಇಳಿಸಿ, ಜನವರಿಯ ಚೀಟಿಗಳು ಸಿಗುವ ತನಕ ಮೇಲಿನವನ್ನೆಲ್ಲ ತೆಗೆದು, ಹಳದಿ ಚೀಟಿಯನ್ನು ಕೈಚೀಲದಲ್ಲಿಟ್ಟುಕೊಂಡು ಅದೇ ಮಧ್ಯಾಹ್ನ ಮತ್ತೆ ಜೋಲಿಯೆಟ್‌ಗೆ ಬಂದೆವು. ವಕೀಲರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಸ್ಕೂಲಿನವರೇ ಬರೆದದ್ದು, ತಾರೀಕು ಸಮೇತ. ಈ ಕಲೆ ಮಾಡಿದ್ದು ಯಾರು?"

"ನಾನೇ" ಅಂದೆ ತಲೆ ತಗ್ಗಿಸಿ.

"ಒಳ್ಳೇ ಕೆಲಸ ಮಾಡಿದ್ರಿ, ಮೇಡಂ."

ಯಜಮಾನರಿಗೆ ಹುಮ್ಮಸ್ಸು ಬಂದು, ಕಲೆ ತೆಗೆಯಲು ಹೋದದ್ದು ಅದರ ಮುಂದಿನ ವಾರ, ಅದನ್ನೇ ಕೊನೆಯ ದಿನ ಅಂತ ಹಿಡಿದರೆ ಇನ್ನೂ ಏಳು ದಿನ ಸಿಗುತ್ತದಲ್ಲ ಅಂದರು. ವಕೀಲರು ಇಲ್ಲವೆಂದು ತಲೆಯಾಡಿಸಿದರು. "ಅದು ರಿಪೇರಿ, ಪ್ರೊಫೆಸರ್. ರಿಪೇರಿಗೆ ಹೋದ ದಿನ ಲೆಕ್ಕಕ್ಕಿಲ್ಲ. ಕಲ್ಲು ಹಾಕಿದ ದಿನವೇ ಲೆಕ್ಕ. ಜುಲೈ ಹದಿನಾರು ಕೊನೆ. ಅಲ್ಲಿತನಕ ಯಾಕೆ ಕಾಯ್ಬೇಕು, ಇವತ್ತೇ ಟೈಪ್ ಮಾಡಿಸ್ತೀನಿ." ಅವತ್ತೇ ಪರಿಚಯವಾದ ವಕೀಲರೂ ಇವರನ್ನು ಪ್ರೊಫೆಸರ್ ಅನ್ನುವಂತೆ ಮಾಡಿದ್ದು ಏನೆಂದು ನಾನು ಯೋಚಿಸುತ್ತಿದ್ದೆ. ಬಹುಶಃ ಧನುರ್ಮಾಸದ ವಿವರಣೆಯೇ.

ಯಜಮಾನರು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದರು. ಒಂದನ್ನು ಸ್ಕೂಲ್ ಬೋರ್ಡಿನ ಆಫೀಸಿಗೆ ಕೊಟ್ಟು ಮುದ್ರೆ ಹಾಕಿಸಿಕೊಂಡೆವು. ಅದರ ನಕಲು ಕಂಟ್ರ್ಯಾಕ್ಟರಿಗೆ ಅಂಚೆಯಲ್ಲಿ. ಅಂಚೆಗೆ ಹಾಕುವ ಮುಂಚೆ ಯಜಮಾನರು ಅವರಿಗೆ ಫೋನ್ ಮಾಡಿ, "ನಾಳೆ ನಿಮಗೊಂದು ಕಾಗದ ಬರುತ್ತೆ, ಬೇಜಾರು ಮಾಡ್ಕೋಬೇಡಿ" ಅಂದರು. ಆ ಕಡೆಯಿಂದ ನಗು ನನಗೂ ಕೇಳಿಸಿತು.

ಬಾಂಡ್ ಕಂಪನಿಯಿಂದ ಒಬ್ಬರು ಬಂದು ಹೊಸ್ತಿಲು ನೋಡಿ, ಕಲೆಯ ಫೋಟೋ ತೆಗೆದುಕೊಂಡು ಹೋದರು. ನವರಾತ್ರಿಯ ಹೊತ್ತಿಗೆ ಚೆಕ್ಕು ಬಂತು. ಕಲ್ಲಿನ ಅಂಗಡಿಯ ಬಾಕಿ ತೀರಿತು, ಮನೆ ಉಳಿಯಿತು. ಡೆಟ್ರಾಯಿಟ್‌ನ ಮಾತು ಮತ್ತೆ ಬರಲಿಲ್ಲ. ಕಂಟ್ರ್ಯಾಕ್ಟರು ಕಂಪನಿ ಮುಚ್ಚಿ ತಮ್ಮನ ಜೊತೆ ಸೇರಿಕೊಂಡರು. ಆಮೇಲೂ ಪ್ರತಿ ಗಣೇಶನ ಹಬ್ಬಕ್ಕೆ ಬರುತ್ತಿದ್ದರು. ಈ ಸಲ ಹಬ್ಬ ಮಾಡಲಿಲ್ಲ, ಆದರೂ ಬಂದು ಅರ್ಧ ಗಂಟೆ ಕೂತು ಹೋದರು.

ಅಂದಿನಿಂದ ನೋಟೀಸ್ ನನ್ನ ಕೆಲಸವಾಯಿತು. ಕೊನೆಯ ದಿನ ಬರೆದಿಟ್ಟುಕೊಂಡು, ಖಾಸಗಿ ಕೆಲಸಕ್ಕೆ ಲೀನಿನ ಕಾಗದ, ಸರ್ಕಾರಿ ಕೆಲಸಕ್ಕೆ ಬಾಂಡಿನ ಕಾಗದ, ದುಡ್ಡು ತಡವಾಯಿತೆಂದರೆ ಕಳಿಸಿಬಿಡುತ್ತಿದ್ದೆ. ಯಜಮಾನರು ಪ್ರತಿ ಸಲವೂ ಮೊದಲು ಫೋನ್ ಮಾಡಿ ಬೇಜಾರು ಮಾಡಿಕೊಳ್ಳಬೇಡಿ ಅನ್ನುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹೊಸ್ತಿಲುಗಳನ್ನು ಮಾತ್ರ ಕೊನೆಗೇ ಇಟ್ಟುಕೊಂಡರು, ಒಳ್ಳೆಯ ದಿನ ನೋಡಿಯೇ ಕೂರಿಸಿದರು. ಅರಿಶಿನ ಹಚ್ಚಿದರೆ ತಕ್ಷಣ ಒರೆಸಲು ನನ್ನ ಕೈಯಲ್ಲಿ ಬಟ್ಟೆ ಇರುತ್ತಿತ್ತು.

ಅವರು ಈ ವರ್ಷದ ಏಪ್ರಿಲ್‌ನಲ್ಲಿ ಹೋದರು. ಎದೆನೋವು ಅಂದರು, ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಆ ಆಸ್ಪತ್ರೆಯ ನೆಲವೂ ಮೊಸಾಯಿಕ್ಕೇ. ಹಾಸಿಗೆಯಿಂದ ಬಗ್ಗಿ ನೋಡಿ, "ಉಜ್ಜಿದ್ದು ಸಾಲದು" ಅಂದಿದ್ದರು.

ಕಂಪನಿ ಮುಚ್ಚಬೇಕೆಂದೇ ಇದ್ದೆ. ಹೋದ ತಿಂಗಳು ಅದೇ ಶಾಲೆಯಿಂದ ಫೋನ್ ಬಂತು. ಇನ್ನೊಂದು ಭಾಗ ಕಟ್ಟುತ್ತಾರೆ, ಹಳೆಯ ನೆಲದಂಥ ನೆಲವೇ ಬೇಕು, ಮಾಡುತ್ತೀರಾ ಅಂತ. ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಕಟ್ಟಡ ನೋಡಿಕೊಳ್ಳುವವರು ಇನ್ನೂ ಅವರೇ, ತಲೆ ಬೆಳ್ಳಗಾಗಿದೆ. ಮುಂಬಾಗಿಲಲ್ಲಿ ನನ್ನ ಗುರುತು ಹಿಡಿದು ಎಡಗಡೆ ಮೂಲೆ ತೋರಿಸಿದರು. ಹಳದಿ ಇನ್ನೂ ಇದೆ, ಒಣಗಿದ ಎಲೆಯ ಬಣ್ಣಕ್ಕೆ ಬಂದಿದೆ.

"ಐದು ವರ್ಷ ತಿಕ್ಕಿದೆ. ಆಮೇಲೆ ಬಿಟ್ಟೆ" ಅಂದರು. "ಈಗ ಮಕ್ಕಳು ಅದನ್ನ ತುಳೀದೆ ದಾಟೋದೊಂದು ಆಟ ಮಾಡ್ಕೊಂಡಿದಾರೆ."

ನಾನೂ ತುಳಿಯದೆ ದಾಟಿ ಒಳಗೆ ಹೋದೆ. ನೆಲ ಚೆನ್ನಾಗಿದೆ, ಎಲ್ಲೂ ಬಿರುಕಿಲ್ಲ. ಮೇಸ್ತ್ರಿ ಹೊಸ ಬಾಗಿಲ ಅಗಲ ಅಳೆದು ಚೀಟಿಯಲ್ಲಿ ಬರೆದುಕೊಂಡರು.

"ಹೊಸ್ತಿಲು ಕೊನೆಗೇ ಅಲ್ವಾ?" ಅಂದರು ತಲೆ ಎತ್ತದೆ.

"ಕೊನೆಗೇ."

"ಯಾವತ್ತು?"

"ಮನೆಗೆ ಹೋಗಿ ಪಂಚಾಂಗ ನೋಡಿ ಫೋನ್ ಮಾಡ್ತೀನಿ" ಅಂದೆ.

ಇವತ್ತು ಹೊಸದೊಂದು ಹ್ಯಾಂಗರ್ ನೇರ ಮಾಡಿದ್ದೇನೆ. ಅವರು ಮಾಡಿದಷ್ಟು ನೇರ ಬಂದಿಲ್ಲ, ಚೀಟಿ ಚುಚ್ಚಲು ಸಾಕು. ಮೇಸ್ತ್ರಿಯ ಅಳತೆಯ ಚೀಟಿ ಅದರಲ್ಲಿ ಮೊದಲನೆಯದು.